ಅಲೆ ಕಣವನ್ನು ಮುಟ್ಟುವ ಜಾಗದಲ್ಲಿ ನಿಲ್ಲು

ಪ್ರೀತಿಯ ತಮ್ಮ,

ನಿನ್ನ ಲೇಖನ, ಪತ್ರ ಎರಡನ್ನೂ ಓದಿದೆ. ಪತ್ರಿಕೆಯವರು ವಾಪಸ್ ಕಳಿಸಿದರು, ಇನ್ನು ವಿಜ್ಞಾನ ಬರೆಯುವುದಿಲ್ಲ ಎಂದಿದ್ದೀಯ. ಹಾಗನ್ನಬೇಡ. ಸೌರಮಾರುತದ ಬಗ್ಗೆ, ಅಂದರೆ ಸೂರ್ಯನಿಂದ ಸದಾ ಹೊರಬೀಸುವ ಕಣಗಳ ಹರಿವಿನ ಬಗ್ಗೆ, ಇಷ್ಟು ಆಸೆಯಿಂದ ಬರೆಯುವವರು ಜಾಸ್ತಿ ಇಲ್ಲ. ಕಾಗುಣಿತ, ಪ್ಯಾರಾದ ಉದ್ದ ಎಲ್ಲ ಬರೆಯುತ್ತಾ ಬರೆಯುತ್ತಾ ಸರಿಹೋಗುತ್ತದೆ, ಬಿಡು.

ನನಗೆ ಸಿಟ್ಟು ಬಂದದ್ದು ಒಂದೇ ವಾಕ್ಯಕ್ಕೆ. ‘ಪ್ಲಾಸ್ಮಾ ಅಲೆಗಳು ಕಣಗಳನ್ನು ಬಿಸಿಮಾಡಿ ವೇಗ ಕೊಡುತ್ತವೆ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಪ್ಲಾಸ್ಮಾ ಅಂದರೆ ವಿದ್ಯುದಾವೇಶವಿರುವ ಕಣಗಳ ಅನಿಲ, ಅಷ್ಟಾದರೂ ಹೇಳಬೇಕಿತ್ತು. ಅಲೆ ಕಣಕ್ಕೆ ವೇಗ ಕೊಡುವುದು ಹೇಗೆ? ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಅದರ ಹೊರ ವಾತಾವರಣವಾದ ಕರೋನಾ ಹತ್ತು ಲಕ್ಷಕ್ಕೂ ಜಾಸ್ತಿ ಅಂತ ಚೆನ್ನಾಗಿ ಕುತೂಹಲ ಕೆರಳಿಸಿದ್ದೀಯ. ಉತ್ತರ ಹೇಳಬೇಕಾದ ಕಡೆ ಸುಮ್ನೆ ಜಾರಿಕೊಂಡರೆ ಹೇಗೆ?

ಅಲ್ಲೇ ನಿಲ್ಲು. ಒಂದೇ ಒಂದು ಅಯಾನನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವನ್ನು, ಹಿಡಿದುಕೋ. ಅದು ಕಾಂತರೇಖೆಯ ಸುತ್ತ ಗಿರಗಿರ ತಿರುಗುತ್ತಿದೆ. ಅಲೆಯೊಂದು ಬರುತ್ತದೆ, ಅದರ ವಿದ್ಯುತ್ ಕ್ಷೇತ್ರವೂ ತಿರುಗುತ್ತಿದೆ. ಅಯಾನು ಇರುವ ಕಡೆಯಿಂದ ನೋಡಿದರೆ ಎರಡೂ ಒಂದೇ ದಿಕ್ಕಿಗೆ, ಒಂದೇ ಲಯದಲ್ಲಿ ತಿರುಗುತ್ತಿರಬೇಕು. ಆಗ ತಳ್ಳು ಸುತ್ತು ಸುತ್ತಿಗೂ ಕೂಡುತ್ತಾ ಹೋಗುತ್ತದೆ, ಸರಿಯಾದ ಹೊತ್ತಿಗೆ ತಳ್ಳಿದ ಉಯ್ಯಾಲೆಯ ಹಾಗೆ. ಕೆಲವು ಅಯಾನುಗಳು ಶಕ್ತಿ ಕಳೆದುಕೊಳ್ಳುತ್ತವೆ, ಆದರೆ ಒಟ್ಟಾರೆ ಗಳಿಕೆಯೇ ಜಾಸ್ತಿ. ತಿರುಗುವ ವೃತ್ತ ದೊಡ್ಡದಾಗುತ್ತದೆ. ಬಿಸಿಯಾಗುವುದು ಅಂದರೆ ಇದೇ. ಸೂರ್ಯನಿಂದ ದೂರ ಹೋದಂತೆ ಕಾಂತಕ್ಷೇತ್ರ ದುರ್ಬಲವಾಗುತ್ತದೆ. ಆಗ ಆ ತಿರುಗಾಟದ ಶಕ್ತಿ ಹೊರಮುಖವಾದ ಓಟವಾಗಿ ಬದಲಾಗುತ್ತದೆ. ಬಿಸಿ ವೇಗವಾಗುವ ಈ ಗಳಿಗೆಯನ್ನು ಬಿಟ್ಟು ಇನ್ನೇನು ಬರೆಯುತ್ತೀಯ?

ಸೂರ್ಯನನ್ನು ಗಮನಿಸಲು 1995ರಲ್ಲಿ ಹಾರಿದ ಸೋಹೋ ನೌಕೆ ಕರೋನಾದಲ್ಲಿ ಆಮ್ಲಜನಕದ ಅಯಾನುಗಳು ಪ್ರೋಟಾನ್‌ಗಳಿಗಿಂತ ಎಷ್ಟೋ ಬಿಸಿ ಇರುವುದನ್ನು ಕಂಡಿತು, ಅದೂ ಕಾಂತರೇಖೆಗೆ ಅಡ್ಡಲಾಗಿ. ಮೇಲಿನ ವಿವರಣೆಯನ್ನು ಜನ ನಂಬಲು ಇದೇ ದೊಡ್ಡ ಕಾರಣ. ಆದರೆ ತೊಡಕನ್ನೂ ಬರೆ. ಸೂರ್ಯನಿಂದ ಎದ್ದು, ತಂತಿ ಮಿಡಿದಂತೆ ಕಾಂತರೇಖೆಗಳುದ್ದಕ್ಕೂ ಸಾಗುವ ಆಲ್ಫ್ವೆನ್ ಅಲೆಗಳು ಒಂದು ಸಲ ತೂಗಲು ನಿಮಿಷಗಳೇ ಬೇಕು. ಕರೋನಾದ ಕೆಳಭಾಗದಲ್ಲಿ ಪ್ರೋಟಾನ್ ಸೆಕೆಂಡಿಗೆ ಸಾವಿರಾರು ಸುತ್ತು ತಿರುಗುತ್ತದೆ. ಅಷ್ಟು ನಿಧಾನದ ಅಲೆ ಒಡೆದು ಒಡೆದು ಈ ಲಯಕ್ಕೆ ಹೇಗೆ ಬರುತ್ತದೆ? ನಾಸಾದ ಪಾರ್ಕರ್ ನೌಕೆ 2021ರಲ್ಲಿ ಕರೋನಾದ ಒಳಕ್ಕೇ ಹೋದ ಮೇಲೂ ವಾದ ಮುಗಿದಿಲ್ಲ. ಮುಗಿದಿಲ್ಲ ಎಂದೇ ಬರೆ.

ಹಿಂದೊಮ್ಮೆ ಸಂಪಾದಕರೊಬ್ಬರು ನನ್ನ ಲೇಖನದಲ್ಲಿ ಇಂಥದೇ ಪ್ಯಾರಾ ಕಿತ್ತುಹಾಕಿದರು. ‘ಓದುಗರಿಗೆ ಇದೆಲ್ಲ ಯಾಕೆ?’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಓದುಗರನ್ನು ದಡ್ಡರು ಅಂದುಕೊಂಡವರ ಮಾತಿಗೆ ತಲೆಬಾಗಬೇಡ.

ವಾಪಸ್ ಬಂತು ಅಂತ ಕೊರಗುತ್ತೀಯಲ್ಲ, 1958ರಲ್ಲಿ ಭೌತವಿಜ್ಞಾನಿ ಯೂಜೀನ್ ಪಾರ್ಕರ್ ಸೌರಮಾರುತದ ಪ್ರಬಂಧ ಕಳಿಸಿದಾಗ ಪರಿಶೀಲಕರಿಬ್ಬರೂ ಬೇಡ ಅಂದಿದ್ದರು. ಗಣಿತದಲ್ಲಿ ತಪ್ಪು ತೋರಿಸಲು ಮಾತ್ರ ಅವರಿಂದ ಆಗಲಿಲ್ಲ. ಸಂಪಾದಕರಾಗಿದ್ದ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಅದನ್ನು ಪ್ರಕಟಿಸಿದರು.

ತಿದ್ದಿ ನನಗೇ ಕಳಿಸು. ಅಲೆಯ ಭಾಗ ಎರಡು ಪುಟ ಆದರೂ ಪರವಾಗಿಲ್ಲ, ಜಾಗ ಸಾಲದಿದ್ದರೆ ಧೂಮಕೇತುಗಳ ಭಾಗ ಪೂರ್ತಿ ತೆಗೆದುಬಿಡು.

ನಿನ್ನ ಅಣ್ಣ