ಕೋವಿ ಕೊಳ್ಳುವವರು ಮೊದಲು ನಮ್ಮ ಮಳೆಯನ್ನು ನೆನಪಿಟ್ಟುಕೊಳ್ಳಲಿ

ಸಂಪಾದಕರೇ,

ನಮಸ್ಕಾರ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು ಅಂದರೆ ನಮ್ಮ ಕೊಡಗಿನ ಕಡೆ ಹುಡುಗರ ಮಾತೆಲ್ಲ ಕೋವಿಯ ಸುತ್ತಲೇ. ಈ ಸಲ ಆ ಮಾತಿಗೆ ಕಾರ್ಬೈನ್ ಅನ್ನುವುದೂ ಸೇರಿಕೊಂಡಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ ಬಂದು, "ಮಾವ, ಗಿಡ್ಡ ಬ್ಯಾರಲ್ಲಿಂದು, ಒಳ್ಳೇ ಕಂಪನಿದು ತಗೊಂಡ್ರೆ ಜೀವಮಾನಪೂರ್ತಿ ಬಾಳಿಕೆ ಬರುತ್ತೆ ಅಲ್ವಾ?" ಎಂದು ಕೇಳಿದವರು ನಾಲ್ಕೈದು ಜನ ಆದರು. ಸೇನೆಯಲ್ಲಿ ಆಯುಧ ರಿಪೇರಿಯ ಕೆಲಸದಲ್ಲಿದ್ದವನು ನಾನು, ಅದಕ್ಕೇ ನನ್ನ ಹತ್ತಿರ ಬರುತ್ತಾರೆ. ಲಕ್ಷಗಟ್ಟಲೆ ದುಡ್ಡಿನ ವಿಷಯ. ಒಬ್ಬೊಬ್ಬರಿಗೇ ಹೇಳುವ ಬದಲು ನಿಮ್ಮ ಪತ್ರಿಕೆಗೆ ಬರೆದರೆ ಎಲ್ಲರಿಗೂ ತಲುಪುತ್ತದೆ ಎಂದು ಕೂತಿದ್ದೇನೆ.

ಮೊದಲು ಈ ಹೆಸರಿನ ಗೊಂದಲ. ನನ್ನಂಥ ಮಾಜಿ ಸೈನಿಕರಿಗೆ ಕಾರ್ಬೈನ್ ಅಂದರೆ ಕಾನ್ಪುರದಲ್ಲಿ ತಯಾರಾಗುತ್ತಿದ್ದ 9 ಎಂಎಂ ಕಾರ್ಬೈನ್. ಅದು ಒಂದೇ ಸಮನೆ ಗುಂಡು ಹಾರಿಸುವ ಸೇನೆಯ ಆಯುಧ, ಮನೆಯಲ್ಲಿ ಇಡುವಂಥದ್ದಲ್ಲ. ಮೂಲದಲ್ಲಿ ಕಾರ್ಬೈನ್ ಅಂದರೆ ಗಿಡ್ಡ ನಳಿಕೆಯ ರೈಫಲ್, ಅಷ್ಟೇ. ಕುದುರೆ ಮೇಲೆ ಕೂತವನಿಗೆ ಉದ್ದ ರೈಫಲ್ ತೊಡಕಾಗುತ್ತಿತ್ತು ಎಂದು ಮಾಡಿದ್ದು. ವಿಡಿಯೊದಲ್ಲಿ ತೋರಿಸುವ, ಟ್ರಿಗರ್ ಎಳೆದಷ್ಟು ಸಲ ತಾನೇ ಗುಂಡು ತುಂಬಿಕೊಂಡು ಹಾರಿಸುವ ಸೆಮಿ ಆಟೊಮ್ಯಾಟಿಕ್ ಕಾರ್ಬೈನ್ ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುವುದಿಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ, ಎಲ್ಲ ಸರಿ. ಆದರೆ ವಿನಾಯಿತಿ ಇದೆ ಎಂದ ಮಾತ್ರಕ್ಕೆ ಯಾವ ಆಯುಧವನ್ನಾದರೂ ಇಟ್ಟುಕೊಳ್ಳಬಹುದು ಅಂತ ಅಲ್ಲ. ಇನ್ನೊಂದು ಮಾತು, ದಯವಿಟ್ಟು ಕಿವಿಗೆ ಹಾಕಿಕೊಳ್ಳಿ: ಮನೆಯಲ್ಲಿರುವ ಕೋವಿಯ ನಳಿಕೆಯನ್ನು ಗಿಡ್ಡ ಮಾಡಿಸುವ ಯೋಚನೆ ಯಾರಿಗೂ ಬೇಡ. ಅನುಮತಿ ಇಲ್ಲದೆ ನಳಿಕೆ ಮೊಟಕು ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ.

ಹಾಗಾಗಿ ನಮ್ಮ ಮುಂದೆ ಉಳಿಯುವುದು ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ಹೊಡೆಯುವ ರೈಫಲ್‌ಗಳು. ಸಣ್ಣ ಗುಂಡಿನ ಪಾಯಿಂಟ್ 22, ದೊಡ್ಡ ಗುಂಡಿನ ಪಾಯಿಂಟ್ 315, ಥರ್ಟಿ ಆಟ್ ಸಿಕ್ಸ್. ಇವುಗಳಲ್ಲಿ ಗಿಡ್ಡ ನಳಿಕೆಯದ್ದು ತೆಗೆದುಕೊಳ್ಳಬೇಕಾ, ದುಬಾರಿಯದ್ದು ತೆಗೆದುಕೊಳ್ಳಬೇಕಾ ಅನ್ನುವುದು ಪ್ರಶ್ನೆ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ಅಣ್ಣನ ಮಗ ಸಾಲ ಮಾಡಿ ದುಬಾರಿ ರೈಫಲ್ ಒಂದನ್ನು ತಂದ. ಅಂಗಡಿಯವರು "ಇದಕ್ಕೆ ಏನೂ ಆಗುವುದಿಲ್ಲ" ಎಂದು ಕಳಿಸಿದ್ದರು. ಜೂನ್‌ನಲ್ಲಿ ಗದ್ದೆ ಕೆಲಸ ಶುರುವಾಯಿತು. ಫೋಮ್ ಹಾಕಿದ ಚೆಂದದ ಚೀಲದಲ್ಲಿ ಅದನ್ನು ಇಟ್ಟು ಜಿಪ್ ಎಳೆದ. ನಾಟಿ ಮುಗಿಯಿತು. ಸೆಪ್ಟೆಂಬರ್ 3ಕ್ಕೆ ಹಬ್ಬ. ಪೂಜೆಗೆ ಇಡಲು, ನಳಿಕೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಲು ಎಂದು ಹೊರಗೆ ತೆಗೆದರೆ ನಳಿಕೆಯ ಒಳಗೆಲ್ಲ ತುಕ್ಕಿನ ಚುಕ್ಕಿ. ಮರದ ಹಿಡಿ ನೀರು ಕುಡಿದು ಉಬ್ಬಿ ನಳಿಕೆಗೆ ಒತ್ತಿಕೊಂಡಿತ್ತು. ಅವತ್ತು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಹೋಗಲಿಲ್ಲ ಆ ಹುಡುಗ. ಅವನ ಮುಖ ನೋಡಲು ಆಗಲಿಲ್ಲ ನನಗೆ.

ಇದರಿಂದ ನನಗೆ ಗಟ್ಟಿಯಾದದ್ದು ಇಷ್ಟು. ನಮ್ಮ ಕೋವಿಗಳು ಗುಂಡು ಹೊಡೆದು ಸವೆಯುವುದಿಲ್ಲ. ಮಳೆಯಲ್ಲಿ ಹಾಳಾಗುತ್ತವೆ. ಪಾಯಿಂಟ್ 22 ನಳಿಕೆ ಹತ್ತಾರು ಸಾವಿರ ಗುಂಡಿಗೆ ತಡೆಯುತ್ತದೆ. ದೊಡ್ಡ ರೈಫಲ್ಲೂ ಕೆಲವು ಸಾವಿರಕ್ಕೆ ಮೋಸ ಇಲ್ಲ. ವರ್ಷಕ್ಕೆ ನಾವು ಹೊಡೆಯುವುದು ಎಷ್ಟು? ಈ ಹಬ್ಬಕ್ಕೆ, ಸುಗ್ಗಿಯ ಪುತ್ತರಿ ಹಬ್ಬಕ್ಕೆ, ಒಂದೆರಡು ಸ್ಪರ್ಧೆಗೆ. ಹಾಗಿರುವಾಗ ಲಕ್ಷ ಗುಂಡು ತಡೆಯುವ ಉಕ್ಕಿಗೆ ಸುಮ್ನೆ ಯಾಕೆ ದುಡ್ಡು ಸುರಿಯಬೇಕು? ತುಕ್ಕು ತಡೆಯುವುದಕ್ಕೆ ಸುರಿಯಿರಿ. ನಳಿಕೆಗೆ ಕೊಡುವ ಬ್ಲೂಯಿಂಗ್ ಎಂಬ ಕಪ್ಪು ಮೇಲ್ಪದರ ನೋಡಲು ಚೆಂದ, ಆದರೆ ಎಣ್ಣೆ ಇಲ್ಲದಿದ್ದರೆ ನಮ್ಮ ಜುಲೈ ತಿಂಗಳಿಗೆ ಅದು ಏನೂ ಅಲ್ಲ. ಸ್ಟೇನ್‌ಲೆಸ್ ನಳಿಕೆ ವಾಸಿ, ಆದರೂ ತುಕ್ಕೇ ಹಿಡಿಯದು ಎನ್ನುವುದು ಸುಳ್ಳು, ನಿಧಾನವಾಗಿ ಹಿಡಿಯುತ್ತದೆ. ನೈಟ್ರೈಡ್ ಮಾಡಿದ್ದು ಸಿಕ್ಕರೆ ಒಳ್ಳೆಯದು, ಅದು ಉಕ್ಕಿನ ಮೇಲ್ಪದರವನ್ನೇ ಗಟ್ಟಿ ಮಾಡುತ್ತದೆ. ಇನ್ನು ಹಿಡಿಯ ಮಾತು. ಮರದ ಹಿಡಿಯ ಅಂದ ನನಗೂ ಇಷ್ಟ, ನಮ್ಮ ಐನ್‌ಮನೆಯ (ಕುಟುಂಬದ ಮೂಲ ಮನೆ) ಹಳೇ ಕೋವಿಯನ್ನು ಈಗಲೂ ಕೈಯಲ್ಲಿ ಸವರಿ ನೋಡುತ್ತೇನೆ. ಆದರೆ ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ ಫೈಬರ್ ಹಿಡಿಯೇ ಸರಿ. ಮರದ್ದೇ ಬೇಕೆಂದರೆ ನಳಿಕೆಗೂ ಮರಕ್ಕೂ ನಡುವೆ ಒಂದು ಹಾಳೆ ತೂರುವಷ್ಟು ಸಂದು ಇದೆಯಾ ನೋಡಿ. ಮರ ಉಬ್ಬಿ ನಳಿಕೆಗೆ ತಾಗಿತು ಅಂದರೆ ಗುರಿ ಹೋಯಿತು ಅಂತಲೇ ಲೆಕ್ಕ.

ಗುರಿಯ ವಿಷಯಕ್ಕೆ ಬರುತ್ತೇನೆ, ಮೋಸ ಜಾಸ್ತಿ ಇರುವುದು ಇಲ್ಲೇ. ಅಂಗಡಿಯವರು "ಒಂದು ಎಂಒಎ ರೈಫಲ್" ಅನ್ನುತ್ತಾರೆ. ಎಂಒಎ ಅಂದರೆ ಗುಂಡು ಎಷ್ಟು ಚದುರುತ್ತದೆ ಎಂದು ಹೇಳುವ ಕೋನದ ಅಳತೆ; ಒಂದು ಎಂಒಎ ಅಂದರೆ 100 ಮೀಟರಿನಲ್ಲಿ ಗುಂಡುಗಳೆಲ್ಲ ಸುಮಾರು 29 ಮಿಲಿಮೀಟರ್ ಅಗಲದ ಒಳಗೆ ಬೀಳುತ್ತವೆ ಎಂದು. ಈಗ ಲೆಕ್ಕ ಹಾಕಿ. ಎರಡು ಎಂಒಎ ರೈಫಲ್ ಕೂಡ 50 ಮೀಟರಿನಲ್ಲಿ ಹೆಚ್ಚುಕಡಿಮೆ 3 ಸೆಂಟಿಮೀಟರ್ ಒಳಗೆ ಹಾಕುತ್ತದೆ. ಸುಲಿದ ತೆಂಗಿನಕಾಯಿ ಅದರ ಮೂರು ಪಟ್ಟು ಅಗಲ ಇರುತ್ತದೆ! ಕಾಯಿ ತಪ್ಪಿದರೆ ತಪ್ಪು ರೈಫಲ್ಲಿನದ್ದಲ್ಲ, ಮಕ್ಕಳೇ. ಟ್ರಿಗರ್ ಎಳೆಯುವ ಬೆರಳಿನದ್ದು. ಇಲ್ಲವೇ ದುರ್ಬೀನು ಕೂರಿಸಿದ ಸ್ಕ್ರೂ ಸಡಿಲ ಆಗಿರುತ್ತದೆ, ಅದನ್ನು ನೋಡದೆ ರೈಫಲ್ ಮಾರಿದವರನ್ನೂ ಕಂಡಿದ್ದೇನೆ. ಅಂಗಡಿಯಲ್ಲಿ ತೋರಿಸುವ ಮೂರು ತೂತಿನ ಕಾಗದ ನಂಬಬೇಡಿ. ಮೂರು ಗುಂಡು ಅದೃಷ್ಟಕ್ಕೂ ಒಂದೇ ಕಡೆ ಬೀಳುತ್ತವೆ. ಐದೈದರಂತೆ ಎರಡು ಮೂರು ಸಲ ಹೊಡೆದ ಕಾಗದ ಕೇಳಿ, ಅದರಲ್ಲೂ ತಣ್ಣಗಿನ ನಳಿಕೆಯ ಮೊದಲ ಗುಂಡು ಎಲ್ಲಿ ಬಿತ್ತು ಎಂದು ಗುರುತು ಮಾಡಿಸಿ. ಸ್ಪರ್ಧೆಯಲ್ಲಿ ನಿಮಗೆ ಸಿಗುವುದು ಆ ಮೊದಲ ಗುಂಡೇ.

ಗಿಡ್ಡ ನಳಿಕೆಯಿಂದ ಗುರಿ ಕೆಡುತ್ತದೆ ಅನ್ನುವುದು ತಪ್ಪು ನಂಬಿಕೆ. ಗಿಡ್ಡ ನಳಿಕೆ ಬಿಗಿಯಾಗಿರುತ್ತದೆ, ಕಡಿಮೆ ನಡುಗುತ್ತದೆ. ಕಡಿಮೆಯಾಗುವುದು ವೇಗ. ದೊಡ್ಡ ರೈಫಲ್‌ಗಳಲ್ಲಿ ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ ಸುಮಾರು 20ರಿಂದ 30 ಅಡಿ ವೇಗ ಹೋಗುತ್ತದೆ. ಅದರ ಜೊತೆಗೆ ಶಬ್ದ, ಬೆಂಕಿ, ಹೆಗಲಿಗೆ ಒದೆತ ಎಲ್ಲ ಜಾಸ್ತಿ, ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಹೊಡೆಯುವ ಅಭ್ಯಾಸ ಬೀಳುತ್ತದೆ. ಪಾಯಿಂಟ್ 22ಕ್ಕೆ ಈ ತೊಂದರೆ ಇಲ್ಲ. ಅದರ ಮದ್ದು 16 ಇಂಚಿನ ಒಳಗೇ ಉರಿದು ಮುಗಿಯುತ್ತದೆ. ಆದ್ದರಿಂದ ಗಿಡ್ಡದ್ದೇ ಬೇಕು ಎನ್ನುವವರು ಪಾಯಿಂಟ್ 22ರಲ್ಲಿ ತೆಗೆದುಕೊಳ್ಳಿ. ತೋಟೆಯ ಖರ್ಚೂ ಕಡಿಮೆ, ಅಭ್ಯಾಸ ಆಗುತ್ತದೆ, ಹೆಣ್ಣುಮಕ್ಕಳೂ ಸಲೀಸಾಗಿ ಹೊಡೆಯುತ್ತಾರೆ. ನಮ್ಮ ಊರಲ್ಲಿ ಕಾಯಿ ಒಡೆಯುವುದರಲ್ಲಿ ಅವರು ಯಾವ ಗಂಡಸಿಗೂ ಕಡಿಮೆಯಿಲ್ಲ.

ಹಳೇ ವಿದೇಶಿ ರೈಫಲ್ ಕೊಳ್ಳುವವರು ನಳಿಕೆಯ ಬಾಯಿಯನ್ನು ನೋಡಿ. ನಳಿಕೆ ಒರೆಸುವ ಸಲಾಕೆಯನ್ನು, ಅಂದರೆ ಗಜವನ್ನು, ಬಾಯಿ ಕಡೆಯಿಂದ ತೂರಿಸಿ ತೂರಿಸಿ ಅಂಚು ಸವೆದಿರುತ್ತದೆ, ಅಲ್ಲಿ ಸವೆದರೆ ಗುಂಡು ಓರೆಯಾಗಿ ಹೊರಡುತ್ತದೆ. ತೋಟೆಗೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ ಮುರಿದರೆ ಎಲ್ಲಿ ಸಿಗುತ್ತದೆ ಎಂದು ದುಡ್ಡು ಕೊಡುವ ಮುಂಚೆಯೇ ಕೇಳಿ.

ತಂದ ಮೇಲೆ ಚೀಲದಲ್ಲಿ ಮುಚ್ಚಿಡಬೇಡಿ. ತೆಂಗಿನೆಣ್ಣೆ ಹಚ್ಚಬೇಡಿ, ಅಂಟಾಗುತ್ತದೆ. ಗನ್ ಆಯಿಲ್ ತೆಳ್ಳಗೆ ಸವರಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೋವಿಯೊಳಗೆ ಗುಂಡಿಲ್ಲ ಎಂದು ನೋಡಿಕೊಂಡು ತೆರೆದು ಒರೆಸಿ. ಹೊಡೆಯುವ ಮುಂಚೆ ಒಣ ಚಿಂದಿ ಎಳೆದು ನಳಿಕೆಯ ಒಳಗಿನ ಎಣ್ಣೆ ತೆಗೆಯಿರಿ. ಎಣ್ಣೆ ಉಳಿದರೆ ಮೊದಲ ಗುಂಡು ಬೇರೆ ಕಡೆ ಹೋಗುತ್ತದೆ.

ಕೊನೆಗೆ, ಸ್ಪರ್ಧೆ ನಡೆಸುವ ಸಂಘಗಳವರಲ್ಲಿ ಒಂದು ಕೋರಿಕೆ. ಹಬ್ಬದ ಸ್ಪರ್ಧೆಗೆ ಹೇಗೂ ಅನುಮತಿ ಪಡೆದು, ಹಿಂದೆ ಮಣ್ಣಿನ ದಿಬ್ಬ ಇರುವ ಜಾಗ ಸಜ್ಜು ಮಾಡಿರುತ್ತೀರಿ. ಅದೇ ಅನುಮತಿಯಲ್ಲಿ ಇನ್ನೊಂದು ದಿನ ಸೇರಿಸಿ ಕೇಳಿ. ಆ ದಿನ ಹುಡುಗರು ಬಂದು ಕಾಗದಕ್ಕೆ ಹೊಡೆದು ತಮ್ಮ ರೈಫಲ್ ಪರೀಕ್ಷೆ ಮಾಡಿಕೊಳ್ಳಲಿ, ಕೊಳ್ಳಬೇಕೆಂದಿರುವವರು ನಿಂತು ನೋಡಲಿ. ಕರೆದರೆ ನಾನು ಚಿಂದಿ, ಎಣ್ಣೆ, ಗಜ ಎಲ್ಲ ತೆಗೆದುಕೊಂಡು ಬೆಳಿಗ್ಗೆಯೇ ಬಂದು ಕೂರುತ್ತೇನೆ.

ಇಂತಿ,
ಒಬ್ಬ ಮಾಜಿ ಸೈನಿಕ, ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು