ಹಳೆ ರೈಫಲ್‌ಗೆ ತೂತು ಕೊರೆಯುವ ಮೊದಲು

ಮಾನ್ಯ ಸಂಪಾದಕರೇ,

ಹಳೆಯ ಬೇಟೆ ರೈಫಲ್‌ಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಲೆನ್ಸ್, ಝೂಮ್, ಸಂಜೆ ಬೆಳಕು ಎಲ್ಲವನ್ನೂ ಚೆನ್ನಾಗಿ ಬರೆದಿದ್ದಾರೆ. ಆದರೆ ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್ ಮತ್ತು ಅದರ ಕೊಳವೆಯನ್ನು ಸುತ್ತಿ ಹಿಡಿಯುವ ರಿಂಗ್ ವಿಷಯ ಬಂದಾಗ 'ಅಳತೆಗೆ ತಕ್ಕದ್ದನ್ನು ಹಾಕಿಸಿಕೊಳ್ಳಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಬಂದೂಕು ರಿಪೇರಿ ನನ್ನ ಕಸುಬು. ನನ್ನ ಬಳಿ ಬರುವ ಹಳೆ ರೈಫಲ್‌ಗಳು ಕೆಟ್ಟಿರುವುದು ಹೆಚ್ಚಾಗಿ ಆ ಒಂದು ಸಾಲಿನ ಜಾಗದಲ್ಲೇ.

ಸ್ಕೋಪ್ ಕೊಳ್ಳುವ ಮೊದಲು ರಿಸೀವರ್, ಅಂದರೆ ನಳಿಗೆಯ ಹಿಂದೆ ಬೋಲ್ಟ್ ಓಡಾಡುವ ಲೋಹದ ಭಾಗ, ನೋಡಬೇಕು. ಅದರ ಮೇಲೆ ಕಾರ್ಖಾನೆಯವರೇ ಕೊರೆದ ಸ್ಕ್ರೂ ತೂತುಗಳಿವೆಯೇ? ಇದ್ದರೆ ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೆ ಸುಮ್ನೆ ಡ್ರಿಲ್ ಕೈಗೆತ್ತಿಕೊಳ್ಳಬೇಡಿ. ವಿಂಚೆಸ್ಟರ್ ಮಾಡೆಲ್ 70 ಬಂದದ್ದು 1936ರಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಆ ರೈಫಲ್‌ಗಳ ಹಿಂಬದಿ ಬ್ರಿಜ್ (ರಿಸೀವರ್‌ನ ಹಿಂದಿನ ಸೇತುವೆಯಂಥ ಭಾಗ) ಮೇಲೆ ಸ್ಕೋಪ್ ತೂತು ಇರುತ್ತಿರಲಿಲ್ಲ. ಈಗ ಅಲ್ಲಿ ಎರಡು ತೂತು ಕೊರೆದರೆ, ಸಂಗ್ರಾಹಕರ ಕಣ್ಣಲ್ಲಿ ಅದರ ಬೆಲೆ ಅಲ್ಲಿಗೇ ಇಳಿಯಿತು. ಕೊರೆದ ತೂತನ್ನು ಯಾರೂ ವಾಪಸ್ ತರಲಾರರು.

ಕೊರೆಯದೆಯೂ ದಾರಿಗಳಿವೆ. ಸಾಕೋ, ಸಿಝಡ್ ಕಂಪನಿಗಳ ಹಳೆ ರೈಫಲ್‌ಗಳಲ್ಲಿ ಹೆಚ್ಚಿನವುಗಳ ರಿಸೀವರ್ ಮೇಲೆ ಡವ್‌ಟೇಲ್ (ಅಂಚು ಓರೆಯಾದ ಪಟ್ಟಿ) ಕಡೆದೇ ಇರುತ್ತದೆ. ಅದಕ್ಕೆ ಹೊಂದುವ ರಿಂಗ್ ನೇರವಾಗಿ ಕಚ್ಚಿಕೊಳ್ಳುತ್ತದೆ. ಆದರೆ ಸಾಕೋದ ಡವ್‌ಟೇಲ್ ಒಂದು ಕಡೆಗೆ ಕಿರಿದಾಗುತ್ತಾ ಹೋಗುತ್ತದೆ, ಸಿಝಡ್ ರಿಂಗ್ ಅಲ್ಲಿ ನಡೆಯುವುದಿಲ್ಲ. ಕೆಲವು ರೈಫಲ್‌ಗಳಿಗೆ ಹಿಂದಿನ ಮಾಲೀಕರು ಯಾವತ್ತೋ ಪಕ್ಕದ ಪ್ಲೇಟ್ ಹಾಕಿಸಿರುತ್ತಾರೆ. ಗ್ರಿಫಿನ್ ಅಂಡ್ ಹೋವ್ ಮಾದರಿಯ ಪಕ್ಕದ ಮೌಂಟ್ ಅಂಥದ್ದು. ಲಿವರ್ ತಿರುಗಿಸಿದರೆ ಸ್ಕೋಪ್ ಕಳಚಿ ಬರುತ್ತದೆ, ಕಬ್ಬಿಣದ ಗುರಿಕಣ್ಣು ಮತ್ತೆ ಕೆಲಸಕ್ಕೆ ಸಿಗುತ್ತದೆ. ಅಂಥ ಪ್ಲೇಟ್ ಇದ್ದರೆ ಅದಕ್ಕೆ ಸರಿಹೊಂದುವ ಮೌಂಟ್ ಹುಡುಕಿ, ಬೇರೆ ತೂತು ಬೇಡ.

ಇನ್ನು ಜರ್ಮನಿಯ ಹಳೆ ರೈಫಲ್ ಮೌಸರ್ 98. ಲೇಖನದ ಫೋಟೋದಲ್ಲಿ ಅದರ ಮೇಲೆ 56 ಮಿ.ಮೀ. ಲೆನ್ಸಿನ ಸ್ಕೋಪ್, ಎತ್ತರದ ರಿಂಗ್‌ಗಳ ಮೇಲೆ ನಿಂತಿತ್ತು. ನೋಡಿ ಬೇಜಾರಾಯಿತು. ಆ ಸ್ಟಾಕನ್ನು (ಭುಜಕ್ಕೆ ಒತ್ತುವ ಮರದ ಭಾಗ) ಕಬ್ಬಿಣದ ಗುರಿಕಣ್ಣಿಗೆಂದೇ ಕೆತ್ತಿದ್ದಾರೆ. ಸ್ಕೋಪ್ ಅಷ್ಟು ಮೇಲೆ ಹೋದರೆ ಕೆನ್ನೆ ಸ್ಟಾಕ್ ಬಿಟ್ಟು ಏಳುತ್ತದೆ, ತಲೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. 32 ಅಥವಾ 36 ಮಿ.ಮೀ. ಲೆನ್ಸ್ ಸಾಕು. ಮುಂದೆ ಅಗಲವಾಗದ ನೇರ ಕೊಳವೆಯ ಹಳೆ ಸ್ಕೋಪ್ ಆದರೆ ಇನ್ನೂ ಒಳ್ಳೆಯದು. ನಳಿಗೆಗೆ ತಾಗದಂತೆ ಎಷ್ಟು ಕೆಳಗೆ ಕೂರುತ್ತದೋ ಅಷ್ಟು ಕೆಳಗೆ ಕೂರಿಸಿ.

ಆದರೆ ಮೌಸರ್‌ನಲ್ಲಿ ತಗ್ಗಿಸುವುದಕ್ಕೂ ಮಿತಿ ಇದೆ. ಗುಂಡಿನ ಹಿಂದೆ ಮುಚ್ಚುವ ಬೋಲ್ಟ್ ಎತ್ತಿದಾಗ ಅದರ ಹಿಡಿ ಸ್ಕೋಪಿಗೆ ಬಡಿಯಬಾರದು. ಗುಂಡು ಹಾರದಂತೆ ತಡೆಯುವ, ಹಿಂದಿನ ರೆಕ್ಕೆಯಂಥ ಸೇಫ್ಟಿ ಮೇಲಿನಿಂದ ತಿರುಗುವಾಗ ಕಣ್ಣಿನ ಕಡೆಯ ಲೆನ್ಸಿಗೆ ಅಡ್ಡ ಬರುತ್ತದೆ. ತಗ್ಗು ಸೇಫ್ಟಿ ಹಾಕಿಸಬಹುದು, ಹಳೆಯದನ್ನು ಜೋಪಾನವಾಗಿ ತೆಗೆದಿಡಿ. ಮಿಲಿಟರಿ ಮೌಸರ್‌ನ ಹಿಂಬದಿ ಬ್ರಿಜ್ ಮತ್ತು ಬೇಟೆ ಮೌಸರ್‌ನ ಬ್ರಿಜ್ ಒಂದೇ ಎತ್ತರ ಇರುವುದಿಲ್ಲ. ಬೇಸ್ (ರಿಂಗ್ ಕೂರುವ ಅಡಿಪಟ್ಟಿ) ಕೊಳ್ಳುವಾಗ ಇದನ್ನು ಅಂಗಡಿಯವರಿಗೆ ಹೇಳಲೇಬೇಕು.

ರಿಂಗ್ ಅಳತೆಯಲ್ಲಿ ಊಹೆ ಬೇಡ. 1 ಇಂಚಿನ ಕೊಳವೆ ಎಂದರೆ 25.4 ಮಿ.ಮೀ. ಹಳೆ ಜರ್ಮನ್ ಸ್ಕೋಪ್‌ಗಳಲ್ಲಿ 26 ಮಿ.ಮೀ. ಕೊಳವೆಯೂ ಇದೆ. ಕಣ್ಣಿಗೆ ಎರಡೂ ಒಂದೇ, ಆದರೆ 1 ಇಂಚಿನ ರಿಂಗಿನಲ್ಲಿ ಒತ್ತಿ ಬಿಗಿದರೆ ಕೊಳವೆ ನಜ್ಜುತ್ತದೆ. ವರ್ನಿಯರ್ ಇಟ್ಟು ಅಳೆಯಿರಿ. ಹಾಗೆಯೇ ಬೇಸ್‌ಗಳಲ್ಲಿ ವೀವರ್, ಪಿಕಟಿನಿ ಎಂಬ ಎರಡು ಮಾದರಿಗಳಿವೆ. ವೀವರ್ ಬೇಸಿನ ಅಡ್ಡ ತೋಡಿನ ಅಗಲ 0.180 ಇಂಚು, ಪಿಕಟಿನಿಯದು 0.206. ವೀವರ್ ರಿಂಗ್ ಪಿಕಟಿನಿಯಲ್ಲಿ ಸಾಮಾನ್ಯವಾಗಿ ಕೂರುತ್ತದೆ, ಪಿಕಟಿನಿ ರಿಂಗ್ ವೀವರ್‌ನಲ್ಲಿ ಕೂರುವುದಿಲ್ಲ. ರೆಡ್‌ಫೀಲ್ಡ್ ಮಾದರಿಯ ಮೌಂಟಿನಲ್ಲಿ ಮುಂದಿನ ರಿಂಗನ್ನು ಬೇಸಿಗೆ ಇಳಿಸಿ ಕಾಲು ಸುತ್ತು ತಿರುಗಿಸಬೇಕು. ಅದಕ್ಕೆ ದಪ್ಪ ಸರಳು ಬಳಸಿ. ಸ್ಕೋಪನ್ನೇ ಹಿಡಿದು ತಿರುಗಿಸಿ ಬಗ್ಗಿಸಿದವರನ್ನು ನಾನು ಕಂಡಿದ್ದೇನೆ. ಒದೆತ ಜಾಸ್ತಿ ಇರುವ ರೈಫಲ್ಲಿಗೆ ನನ್ನ ಆಯ್ಕೆ ಉಕ್ಕಿನ ರಿಂಗ್. ಹಳೆ ರೈಫಲ್ಲಿನ ಉಕ್ಕಿನ ನೀಲಿ ಬಣ್ಣದ ಜೊತೆ ಅದೇ ಚಂದ ಅಲ್ವಾ?

ಕೂರಿಸುವಾಗ ರೈಫಲ್ ಖಾಲಿ ಇರಲಿ. ಮುಂದಿನ ಬೇಸಿನ ಸ್ಕ್ರೂ ಉದ್ದ ಜಾಸ್ತಿಯಾದರೆ ಒಳಗೆ ಬೋಲ್ಟಿನ ಲಗ್‌ಗೆ (ಬೋಲ್ಟನ್ನು ಕಚ್ಚಿ ಹಿಡಿಯುವ ಉಬ್ಬು) ತಾಗುತ್ತದೆ. ಬಿಗಿದ ಮೇಲೆ ಬೋಲ್ಟ್ ಹಾಕಿ ಮುಚ್ಚಿ ನೋಡಿ. ಮೊದಲಿಗಿಂತ ಬಿಗಿ ಅನ್ನಿಸಿದರೆ ಸ್ಕ್ರೂ ಬಿಚ್ಚಿ ತುದಿ ಉಜ್ಜಿ. ರಿಂಗ್ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಬಿಗಿತ ಸಾಕು, ತಯಾರಕರು ಬೇರೆ ಹೇಳಿದ್ದರೆ ಅದನ್ನೇ ಕೇಳಿ.

ಇನ್ನೊಂದು ಕೋರಿಕೆ. ಜರ್ಮನಿಯ ಸೂಲ್ ಊರಿನ ಕೊಕ್ಕೆ ಮೌಂಟ್ ಬಗ್ಗೆ ಒಂದು ಲೇಖನ ಬರೆಸಿ. ಅದನ್ನು ಪ್ರತಿ ರೈಫಲ್ಲಿಗೂ ಅರದಿಂದ ಉಜ್ಜಿ ಕೈಯಲ್ಲೇ ಹೊಂದಿಸಬೇಕು. ಆ ಕೆಲಸ ಬಲ್ಲವರು ಇರುವಾಗಲೇ ಅವರನ್ನು ಮಾತಾಡಿಸಿ.

ಇತಿ,
ಒಬ್ಬ ಬಂದೂಕು ರಿಪೇರಿಗಾರ