ಮುಚ್ಚಿಗೆಯ ಮಣ್ಣನ್ನು ತೆಗೆಯಬೇಡಿ

ಮಾನ್ಯರೇ,

ಮಲೆನಾಡಿನ ಹಳೆಯ ಮನೆಗಳನ್ನು ಹೋಂಸ್ಟೇಗಳಾಗಿ ಮಾರ್ಪಡಿಸುವ ಕೆಲಸ ನಮ್ಮ ಭಾಗದಲ್ಲಿ ಭರದಿಂದ ನಡೆದಿದೆ. ಮುಚ್ಚಿಗೆಯ, ಅಂದರೆ ಅಟ್ಟದ, ಹಲಗೆಗಳ ಮೇಲೆ ಹಿರಿಯರು ಬಡಿದು ಕೂರಿಸಿದ್ದ ಮೂರು ನಾಲ್ಕು ಅಂಗುಲದ ಮಣ್ಣನ್ನು, ಭಾರವೆಂದೋ ಧೂಳು ಉದುರುತ್ತದೆಂದೋ ಕೆತ್ತಿ ತೆಗೆದು, ಬರಿಯ ಹಲಗೆಗೆ ವಾರ್ನಿಷ್ ಬಳಿದು ಬಿಡುವುದನ್ನು ಮನೆ ಮನೆಯಲ್ಲೂ ಕಂಡು ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

1897ರಲ್ಲಿ ರಾಜಕುಮಾರಿಯ ಮದುವೆಯ ವೇಳೆ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣವನ್ನು ಧಾರಾಳವಾಗಿ ಬಳಸಿದರು. ಮರವೆಂದರೆ ನಮಗೆ ಭಯವಿರುವುದು ಸಹಜವೇ. ಆದರೆ ದಪ್ಪ ತೊಲೆಯ ಮೈ ಕರಕಲಾದಂತೆ ಆ ಇದ್ದಿಲೇ ಒಳಮರಕ್ಕೆ ಹೊದಿಕೆಯಾಗುವುದರಿಂದ, ಉರಿ ಸಾಮಾನ್ಯವಾಗಿ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರಿನಷ್ಟೇ ಒಳಸರಿಯುತ್ತದೆ. ಅರ್ಧ ಗಂಟೆ ಉರಿದರೂ ಎಂಟು ಅಂಗುಲದ ತೊಲೆ ಒಂದೊಂದು ಬದಿಯಲ್ಲಿ ಕಳೆದುಕೊಳ್ಳುವುದು ಅಂಗುಲಕ್ಕಿಂತ ಕಡಿಮೆ. ಹೊದಿಕೆಯಿಲ್ಲದ ಉಕ್ಕಾದರೋ 550 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಂಡಿರುತ್ತದೆ. ತೆಳುವಾದ ಹಲಗೆ, ಹಂಚು ಹೊರುವ ರೀಪುಗಳಿಗೆ ಮಾತ್ರ ಈ ರಕ್ಷಣೆ ಒದಗದು. ಹಲಗೆಯ ಸಂದುಗಳಲ್ಲಿ ಜ್ವಾಲೆ ನುಸುಳದಂತೆ, ಕಾವು ದಾಟದಂತೆ ತಡೆಯುವುದು ಮೇಲಿನ ಮಣ್ಣೇ.

ಹದಿನೈದು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯ ಅಟ್ಟದಲ್ಲಿ ಹಳೆಯ ವಯರು ಕಾದು, ಅಲ್ಲಿ ತುಂಬಿಟ್ಟಿದ್ದ ಅಡಿಕೆಸಿಪ್ಪೆಗೆ ಬೆಂಕಿ ಹತ್ತಿತ್ತು. ರೀಪುಗಳು ಉರಿದು ಹಂಚುಗಳು ಸಾಲುಸಾಲಾಗಿ ಕುಸಿದವು. ಮರುದಿನ ಬೂದಿ ಗುಡಿಸಿದಾಗ ಮುಚ್ಚಿಗೆಯ ಮಣ್ಣು ಸುಟ್ಟ ಇಟ್ಟಿಗೆಯಂತೆ ಕೆಂಪಗೆ ಗಟ್ಟಿಯಾಗಿತ್ತು. ಅದರಡಿಯ ಹಲಗೆಗಳಿಗೆ ಬಿಸಿ ತಾಗಿದ ಗುರುತೂ ಇರಲಿಲ್ಲ. ಗೋಡೆಯ ಪಕ್ಕದಲ್ಲಿ ಬೆಂಕಿಗೆ ಸಿಕ್ಕಿದ್ದ ಒಂದು ತೊಲೆಯನ್ನು ಆಚಾರಿ ಬಾಚಿಯಿಂದ ಕೆತ್ತಿದಾಗ, ಬೆರಳಗಲದ ಕರಕಲಿನ ಒಳಗೆ ಹಲಸಿನ ಹಳದಿ ಹಾಗೆಯೇ ಇತ್ತು. ಆ ತೊಲೆ ಇಂದಿಗೂ ಭಾರ ಹೊತ್ತಿದೆ. ಅಂದು ಕೆಳಗೆ ಮಲಗಿದ್ದ ನನ್ನ ತಾಯಿ ಎದ್ದು ಹೊರಬರಲು ಸಮಯ ಸಿಕ್ಕಿದ್ದು ಆ ಮಣ್ಣಿನಿಂದ.

ಭಾರದ ಚಿಂತೆಯಿದ್ದವರು ಮಣ್ಣು ಕೆದಕುವ ಮೊದಲು, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳು ಕುಂಬಾಗಿವೆಯೇ (ಕೊಳೆತಿವೆಯೇ), ಗೆದ್ದಲು ತಿಂದಿವೆಯೇ ಎಂದು ಅನುಭವಿ ಆಚಾರಿಗಳಿಂದ ನೋಡಿಸಲಿ. ಅಟ್ಟದ ವಯರುಗಳನ್ನು ಪೈಪಿನೊಳಗೆ ಹಾಯಿಸಲಿ. ಹೋಂಸ್ಟೇಗೆ ಅನುಮತಿ ನೀಡುವ ಅಧಿಕಾರಿಗಳು, ಅಂಗಳದಲ್ಲಿ ನಿಂತು ಕಾಗದಕ್ಕೆ ಸಹಿ ಹಾಕುವ ಮುನ್ನ ಒಮ್ಮೆ ಏಣಿ ಹತ್ತಿ ಅಟ್ಟವನ್ನು ನೋಡಬೇಕೆಂದು ವಿನಂತಿಸುತ್ತೇನೆ.

ಇತಿ,
ಓದುಗ, ತೀರ್ಥಹಳ್ಳಿ ತಾಲ್ಲೂಕು